ಕೊನೆಗಾಲದ ಆರೈಕೆಗೆ ಕಲಿತ ಕೈಗಳು ಬೇಕು: ಕರ್ನಾಟಕ ವಿಧಾನಮಂಡಲದ ಸದಸ್ಯರಿಗೆ ಬಹಿರಂಗ ಪತ್ರ



ವಾಸಿಯಾಗದ, ಇಲ್ಲವೇ ವಾಸಿಯಾಗುವ ಭರವಸೆ ಕಡಿಮೆ ಇರುವ ಕಾಯಿಲೆಯಲ್ಲಿ ರೋಗಿಯ ನೋವು, ಏದುಸಿರು, ವಾಂತಿ, ಹುಣ್ಣು, ನಿದ್ದೆಗೇಡು, ಭಯ ಇವುಗಳಿಗೆ ಮಾಡುವ ಚಿಕಿತ್ಸೆಗೂ ಅವರನ್ನು ನೋಡಿಕೊಳ್ಳುವ ಮನೆಯವರಿಗೆ ಕೊಡುವ ಆಸರೆಗೂ ಒಟ್ಟಾಗಿ ಉಪಶಾಮಕ ಆರೈಕೆ ಎಂದು ಹೆಸರು. ಇದು ಸಾವು ಹತ್ತಿರ ಬಂದಾಗ ಮಾತ್ರ ಶುರುವಾಗುವುದಲ್ಲ. ಕ್ಯಾನ್ಸರ್ ಪತ್ತೆಯಾದ ದಿನದಿಂದಲೇ ಕೀಮೋಥೆರಪಿ, ವಿಕಿರಣ ಚಿಕಿತ್ಸೆಗಳ ಜೊತೆಜೊತೆಗೆ ನಡೆಯಬಹುದು. ರೋಗವನ್ನು ತಡೆಯುವ ಚಿಕಿತ್ಸೆ ನಿಂತ ಮೇಲೆ, ಬದುಕಿನ ಕಡೆಯ ತಿಂಗಳುಗಳಲ್ಲಿ ಕೊಡುವ ಅದರ ಭಾಗವೇ ಹಾಸ್ಪೈಸ್ ಆರೈಕೆ. ಅದಕ್ಕೊಂದು ಕಟ್ಟಡ ಇರಲೇಬೇಕೆಂದಿಲ್ಲ. ಹೆಚ್ಚಿನವರಿಗೆ ಅದು ಬೇಕಾಗುವುದು ತಮ್ಮ ಮನೆಯಲ್ಲಿ, ಮಲಗಿದ ಮಂಚದ ಪಕ್ಕದಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ 5.68 ಕೋಟಿ ಜನರಿಗೆ ಈ ಆರೈಕೆ ಬೇಕು. ಸಿಗುತ್ತಿರುವುದು ಶೇ 14ರಷ್ಟು ಮಂದಿಗೆ. ಕೊರತೆಗೆ ಕಾರಣಗಳನ್ನು ಪಟ್ಟಿಮಾಡುವಾಗ ಆ ಸಂಸ್ಥೆ ಔಷಧಗಳ ಮೇಲಿನ ಅತಿಯಾದ ನಿರ್ಬಂಧದ ಜೊತೆ ಆರೋಗ್ಯ ಸಿಬ್ಬಂದಿಯ ತರಬೇತಿ ಇಲ್ಲದಿರುವುದನ್ನೂ ಮುಂದಿನ ಸಾಲಿನಲ್ಲೇ ಇಡುತ್ತದೆ. ಭಾರತದ ಮಟ್ಟಿಗೆ ಹೇಳುವುದಾದರೆ ನೀತಿ ಇದೆ, ಕಾನೂನಿನ ತೊಡಕು ಬಹುಪಾಲು ಸಡಿಲಾಗಿದೆ, ಔಷಧ ಅಗ್ಗವಾಗಿದೆ. ಅದನ್ನು ಅಳೆದು ಕೊಡಬಲ್ಲವರು ಸಾಕಷ್ಟಿಲ್ಲ. ಈ ಪತ್ರದ ವಿಷಯ ಅಷ್ಟೇ: ಅಂಥವರನ್ನು ತಯಾರು ಮಾಡುವುದಕ್ಕೆ ಸರ್ಕಾರ ಏನು ಖರ್ಚು ಮಾಡಬೇಕು, ಹೇಗೆ ಮಾಡಬೇಕು.

ಕರ್ನಾಟಕದಲ್ಲಿ ಈ ಆರೈಕೆ ಬೇಕಾದವರು ಕ್ಯಾನ್ಸರ್ ರೋಗಿಗಳಷ್ಟೇ ಅಲ್ಲ. ಪಾರ್ಶ್ವವಾಯು ಹೊಡೆದು ಮಲಗಿದವರು, ಡಯಾಲಿಸಿಸ್ ನಿಲ್ಲಿಸಿದ ಕಿಡ್ನಿ ರೋಗಿಗಳು, ಹೊಗೆಯಿಂದಲೋ ಬೀಡಿಯಿಂದಲೋ ಶ್ವಾಸಕೋಶ ಕೆಟ್ಟವರು, ಹೃದಯ ಸೋತವರು, ಮರೆಗುಳಿ ಕಾಯಿಲೆಯ ಹಿರಿಯರು, ದಕ್ಷಿಣ ಕನ್ನಡದ ಕೊಕ್ಕಡದಂಥ ಊರುಗಳ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತ ಮಕ್ಕಳು ಎಲ್ಲರೂ ಈ ಲೆಕ್ಕದಲ್ಲಿ ಬರುತ್ತಾರೆ. ಕ್ಯಾನ್ಸರ್‌ನಲ್ಲಿ ತಂಬಾಕು, ಗುಟ್ಕಾದಿಂದ ಬರುವ ಬಾಯಿಯ ಕ್ಯಾನ್ಸರಿನ ಪಾಲು ದೊಡ್ಡದು. ಅದು ಮುಖದ ಮೇಲೆ ಒಡೆದು ಕೊಳೆಯುವ ಹುಣ್ಣಾಗುವುದರಿಂದ ರೋಗಿಯನ್ನು ನೋವಿಗಿಂತ ಮೊದಲು ನಾಚಿಕೆ ಮನೆಯೊಳಗೆ ಕೂಡಿಹಾಕುತ್ತದೆ. ಇಂಥ ಮನೆಗಳಲ್ಲಿ ಆಸ್ಪತ್ರೆಯಿಂದ ಕೇಳಿಬಂದ ಕೊನೆಯ ಮಾತು ಸಾಮಾನ್ಯವಾಗಿ ಒಂದೇ: “ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ.” ಮಾಡುವುದು ಬಹಳ ಇದೆ. ಹಾಗೆ ಹೇಳಿದ ವೈದ್ಯರಿಗೆ ಅದನ್ನು ಯಾರೂ ಕಲಿಸಿರುವುದಿಲ್ಲ ಎಂಬುದೇ ಹೆಚ್ಚಿನ ಸಂದರ್ಭಗಳಲ್ಲಿ ನಿಜ.

ಕಲಿಯಬೇಕಾದದ್ದು ಏನು ಎಂಬುದನ್ನು ಹತ್ತಿರದಿಂದ ನೋಡಿದರೆ ತರಬೇತಿಯ ಸ್ವರೂಪ ತಾನಾಗಿ ಅರ್ಥವಾಗುತ್ತದೆ. ಮೊದಲನೆಯದು ನೋವನ್ನು ಅಳೆಯುವುದು. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ ಎಂದರೆ ಓದುಬರಹ ಇಲ್ಲದ ಹಿರಿಯರು ತಬ್ಬಿಬ್ಬಾಗಬಹುದು. ರೂಪಾಯಿಗೆ ಎಷ್ಟಾಣೆ ನೋವಿದೆ ಎಂದರೆ ಕೂಡಲೇ ಉತ್ತರ ಬಂದೀತು. ನೋವು ಎಲ್ಲಿದೆ, ಉರಿಯುತ್ತದೆಯೋ ಚುಚ್ಚುತ್ತದೆಯೋ, ರಾತ್ರಿ ಎಬ್ಬಿಸುತ್ತದೆಯೋ ಎಂದು ಕೇಳಬೇಕು. ನರದ ನೋವಿಗೂ ಎಲುಬಿನ ನೋವಿಗೂ ಔಷಧ ಬೇರೆ. ಆಮೇಲೆ ಹುಣ್ಣು. ಕೊಳೆತ ಹುಣ್ಣಿನ ವಾಸನೆಗೆ ಮನೆಯವರು ಊದುಬತ್ತಿ ಹಚ್ಚುತ್ತಾರೆ. ಕಲಿತ ನರ್ಸ್ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸುತ್ತಾರೆ. ಕೆಲವೇ ದಿನಗಳಲ್ಲಿ ವಾಸನೆ ತಗ್ಗಿ, ಮೊಮ್ಮಕ್ಕಳು ಮತ್ತೆ ಆ ಕೋಣೆಗೆ ಬರುತ್ತಾರೆ. ಹುಣ್ಣು ತೊಳೆಯಲು ಅರ್ಧ ಲೀಟರ್ ಕುದಿಸಿದ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಸಾಕು. ಪಟ್ಟಿಗೆ ಹಳೆಯ ಹತ್ತಿ ಪಂಚೆಯ ಒಗೆದ ತುಂಡುಗಳನ್ನು ಡಬ್ಬಿಯಲ್ಲಿಟ್ಟು ಅಡುಗೆಮನೆಯ ಕುಕ್ಕರಿನಲ್ಲೇ ಹಬೆಯಲ್ಲಿ ಬೇಯಿಸಿಕೊಳ್ಳಬಹುದು. ದಿನಕ್ಕೆರಡು ಸಲ ಪಟ್ಟಿ ಬದಲಿಸಬೇಕಾದ ಬಡ ಮನೆಗೆ ಗಾಜ್ ಕೊಳ್ಳುವ ಖರ್ಚು ಉಳಿಯುವುದೆಂದರೆ ಸಣ್ಣ ವಿಷಯವಲ್ಲ.

ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂಗಿನ ನಳಿಕೆಯಲ್ಲಿ ಆಹಾರ ಹಾಕುವಾಗ ತಲೆದಿಸೆ ಎತ್ತರಿಸುವುದು, ಕ್ಯಾಥೆಟರ್ ಕಟ್ಟಿಕೊಂಡರೆ ಏನು ಮಾಡಬೇಕೆಂದು ತಿಳಿದಿರುವುದು, ಬಾವು ಬಂದ ಕೈಗೆ ಪಟ್ಟಿ ಸುತ್ತುವುದು ಇವೆಲ್ಲ ಕೈಯಿಂದ ಕೈಗೆ ಬರುವ ವಿದ್ಯೆ. ಪವರ್ ಪಾಯಿಂಟಿನ ಮುಂದೆ ಕೂತು ಯಾರೂ ಇದನ್ನು ಕಲಿತದ್ದಿಲ್ಲ.

ಎಲ್ಲಕ್ಕಿಂತ ಕಷ್ಟದ ಪಾಠ ಮಾತಿನದು. “ಅವ್ರಿಗೆ ಕಾಯಿಲೆ ಏನಂತ ಹೇಳ್ಬೇಡಿ” ಎಂದು ಮಗ ಬಾಗಿಲ ಹೊರಗೆ ನಿಂತು ಬೇಡಿಕೊಳ್ಳುತ್ತಾನೆ. ಒಳಗೆ ತಂದೆ, “ನಂಗೆ ಗೊತ್ತು, ಅವ್ನಿಗೆ ಹೇಳ್ಬೇಡಿ, ಅಳ್ತಾನೆ” ಎನ್ನುತ್ತಾರೆ. ಇಬ್ಬರ ನಡುವೆ ಸಿಕ್ಕ ಆರೋಗ್ಯ ಕಾರ್ಯಕರ್ತೆ ಸುಳ್ಳಾಡದೆ, ಯಾರ ಮನಸ್ಸನ್ನೂ ಮುರಿಯದೆ, ಅವರಿಬ್ಬರನ್ನು ಒಂದೇ ಮಾತಿಗೆ ತರಬೇಕು. ಕಡೆಯ ದಿನಗಳಲ್ಲಿ ರೋಗಿ ಊಟ ಬಿಟ್ಟಾಗ ಮನೆಯವರಿಗೆ ಹಸಿವಿನಿಂದ ಸಾಯಿಸುತ್ತಿದ್ದೇವೆಂಬ ಅಪರಾಧ ಭಾವ ಕಾಡುತ್ತದೆ. ಬಲವಂತವಾಗಿ ಗಂಜಿ ಹಾಕಿದರೆ ಅದು ಶ್ವಾಸನಾಳಕ್ಕೆ ಹೋಗುತ್ತದೆ. ದೇಹಕ್ಕೆ ಆಹಾರ ಬೇಡವಾಗುವುದು ಸಾಯುವ ಪ್ರಕ್ರಿಯೆಯ ಭಾಗವೆಂದು ತಿಳಿಹೇಳಿ, ಅದರ ಬದಲು ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ಒರೆಸುವ ಕೆಲಸವನ್ನು ಅವರ ಕೈಗೆ ಕೊಡುವುದು ಚಿಕಿತ್ಸೆಯೇ. ಈ ಮಾತುಗಳನ್ನು ಮೊದಲ ಸಲ ಆಡುವಾಗ ಅನುಭವಸ್ಥರೊಬ್ಬರು ಪಕ್ಕದಲ್ಲಿರಬೇಕು.

ಆಧುನಿಕ ಹಾಸ್ಪೈಸ್ ಹುಟ್ಟಿದ್ದೇ ಕಲಿಕೆಯ ಜೊತೆಗೆ. ನರ್ಸ್ ಆಗಿದ್ದು, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯಕೀಯ ಓದಿದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ತೆರೆದಾಗ ಆರೈಕೆ, ಬೋಧನೆ, ಸಂಶೋಧನೆ ಮೂರನ್ನೂ ಒಂದೇ ಸೂರಿನಡಿ ತಂದರು. ಭಾರತದ ಮೊದಲ ಹಾಸ್ಪೈಸ್ ಶಾಂತಿ ಅವೇದನಾ 1986ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. 1993ರಲ್ಲಿ ಕೋಳಿಕ್ಕೋಡ್ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಕಟ್ಟಿದ ನೋವು ಮತ್ತು ಉಪಶಾಮಕ ಆರೈಕೆ ಸೊಸೈಟಿ ಈ ಕೆಲಸವನ್ನು ಆಸ್ಪತ್ರೆಯ ವಾರ್ಡಿನಿಂದ ಬೀದಿಗೆ, ಮನೆಗೆ ಒಯ್ದಿತು. ಬೆಂಗಳೂರಿನ ಕರುಣಾಶ್ರಯ 1999ರಲ್ಲಿ ಮುಂದುವರಿದ ಕ್ಯಾನ್ಸರ್ ರೋಗಿಗಳಿಗಾಗಿ ತೆರೆಯಿತು. ಇಂದಿಗೂ ಅಲ್ಲಿ ರೋಗಿಗಳಿಂದ ಹಣ ಪಡೆಯುವುದಿಲ್ಲ. ಇವೆಲ್ಲ ದಾನಿಗಳ, ಸ್ವಯಂಸೇವಕರ ಬಲದಿಂದ ಎದ್ದ ಸಂಸ್ಥೆಗಳು. ಅವುಗಳ ಹಿರಿಮೆಯನ್ನು ಕಡಿಮೆ ಮಾಡದೆಯೇ ಹೇಳಬಹುದಾದ ಮಾತೆಂದರೆ, ಯಾದಗಿರಿಯ ರೋಗಿಗೆ ಬೆಂಗಳೂರಿನ ಹಾಸ್ಪೈಸ್ ಎಟುಕುವುದಿಲ್ಲ.

ತರಬೇತಿ ಏಕೆ ಸರ್ಕಾರದ್ದೇ ಹೊಣೆ ಎಂಬುದಕ್ಕೆ ಮಾರ್ಫಿನ್ನಿನ ಚರಿತ್ರೆಗಿಂತ ಸ್ಪಷ್ಟವಾದ ಸಾಕ್ಷಿ ಇಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ಹೊಲಗಳಲ್ಲಿ ಪರವಾನಗಿ ಪಡೆದ ರೈತರು ಅಫೀಮು ಬೆಳೆಯುತ್ತಾರೆ. ನೀಮಚ್ ಮತ್ತು ಗಾಜೀಪುರಗಳ ಸರ್ಕಾರಿ ಕಾರ್ಖಾನೆಗಳು ಅದನ್ನು ಸಂಸ್ಕರಿಸುತ್ತವೆ. ವೈದ್ಯಕೀಯ ಬಳಕೆಗೆ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಪ್ರಮುಖ ದೇಶಗಳಲ್ಲಿ ಭಾರತ ಒಂದು. ಆದರೂ 1985ರ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ 1997ರ ಹೊತ್ತಿಗೆ ದೇಶದಲ್ಲಿ ವೈದ್ಯಕೀಯ ಮಾರ್ಫಿನ್ ಬಳಕೆ ಶೇ 97ರಷ್ಟು ಕುಸಿಯಿತು. ಒಂದಕ್ಕಿಂತ ಹೆಚ್ಚು ಇಲಾಖೆಗಳಿಂದ ಹಲವು ಪರವಾನಗಿ ಬೇಕಿತ್ತು. ಒಂದರ ಅವಧಿ ಮುಗಿಯುವುದರೊಳಗೆ ಇನ್ನೊಂದು ಸಿಗುತ್ತಿರಲಿಲ್ಲ. ತಪ್ಪಿದರೆ ಹತ್ತು ವರ್ಷ ಜೈಲು ಎಂಬ ಭಯ ಬೇರೆ. ಔಷಧ ಅಂಗಡಿಗಳು ಅದನ್ನು ಇಡುವುದನ್ನೇ ಬಿಟ್ಟವು. ಹೀಗೆ ಒಂದಿಡೀ ತಲೆಮಾರಿನ ವೈದ್ಯರು, ನರ್ಸ್‌ಗಳು ಮಾರ್ಫಿನ್ ಮಾತ್ರೆಯನ್ನು ಕಣ್ಣಿಂದ ನೋಡದೆಯೇ ಪದವಿ ಪಡೆದರು.

2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್ ಆರನ್ನೂ ಅಗತ್ಯ ಮಾದಕ ಔಷಧಗಳೆಂದು ಗುರುತಿಸಿ, ದೇಶಕ್ಕೆಲ್ಲ ಒಂದೇ ನಿಯಮ ಮಾಡಲಾಯಿತು. ಈಗ ರಾಜ್ಯದ ಔಷಧ ನಿಯಂತ್ರಕರೊಬ್ಬರು ಮಾನ್ಯತೆ ಕೊಟ್ಟರೆ ಆಸ್ಪತ್ರೆ ಇವನ್ನು ಇಟ್ಟುಕೊಳ್ಳಬಹುದು. ಆದರೆ ಆ ಮಾನ್ಯತೆಗೆ ನೋವು ನಿವಾರಣೆಯಲ್ಲಿ ತರಬೇತಿ ಪಡೆದ ವೈದ್ಯರು ಅಲ್ಲಿರಬೇಕು. ತರಬೇತಿ ಇಲ್ಲದ ತಾಲ್ಲೂಕಿನಲ್ಲಿ ಕಾನೂನು ಸಡಿಲವಾದರೂ ಮಾರ್ಫಿನ್ ಇಲ್ಲ ಎಂಬುದು ಇದರ ನೇರ ಅರ್ಥ. ಬೀಗ ತೆಗೆದಿದೆ, ಬಾಗಿಲು ತಳ್ಳುವವರು ಬೇಕು.

ಮಾರ್ಫಿನ್ ಕೊಡುವುದು ಕಷ್ಟದ ವಿದ್ಯೆಯಲ್ಲ, ಆದರೆ ವಿದ್ಯೆ ಹೌದು. ಸಾದಾ ಮಾತ್ರೆಯ ಪರಿಣಾಮ ನಾಲ್ಕು ಗಂಟೆ. ನೋವು ಬಂದಾಗ ಅಲ್ಲ, ಗಡಿಯಾರ ನೋಡಿ ಕೊಡಬೇಕು. ಮಲಗುವ ಹೊತ್ತಿಗೆ ಎರಡರಷ್ಟು ಕೊಟ್ಟರೆ ನಡುರಾತ್ರಿ ಎಬ್ಬಿಸುವ ಅಗತ್ಯವಿಲ್ಲ. ಮೊದಲ ದಿನದಿಂದಲೇ ಮಲಬದ್ಧತೆಗೆ ಔಷಧ ಜೊತೆಗಿರಬೇಕು; ಇದನ್ನು ಮರೆತರೆ ವಾರದೊಳಗೆ ರೋಗಿಯೇ ಮಾರ್ಫಿನ್ ಬಿಟ್ಟುಬಿಡುತ್ತಾರೆ. ಕಿಡ್ನಿ ಕೆಟ್ಟವರಲ್ಲಿ ಪ್ರಮಾಣ ಇಳಿಸಬೇಕು. ಕೈಕಾಲು ಜಗ್ಗಲು ಶುರುವಾದರೆ ಔಷಧ ಮೈಯಲ್ಲಿ ಕೂಡಿಕೊಳ್ಳುತ್ತಿದೆ ಎಂದು ಗುರುತಿಸಬೇಕು. ಅಳತೆ ನೋಡಿ ಮೆಲ್ಲಮೆಲ್ಲಗೆ ಏರಿಸಿದರೆ ಉಸಿರು ನಿಲ್ಲುವ ಭಯಕ್ಕೆ ಆಸ್ಪದ ತೀರ ಕಡಿಮೆ. ಏದುಸಿರಿಗೂ ಸಣ್ಣ ಪ್ರಮಾಣದಲ್ಲಿ ಇದೇ ಔಷಧ ಕೆಲಸಕ್ಕೆ ಬರುತ್ತದೆ. “ಮಾರ್ಫಿನ್ ಶುರು ಮಾಡಿದ್ರೆ ಮುಗೀತು ಅಂತಾರಲ್ಲ?” ಎಂಬ ಮನೆಯವರ ಪ್ರಶ್ನೆಗೆ ಉತ್ತರ ಕೊಡಬಲ್ಲ ನರ್ಸ್ ಇಲ್ಲದಿದ್ದರೆ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ.

ನೆರೆಯ ಕೇರಳ 2008ರಲ್ಲಿ ಉಪಶಾಮಕ ಆರೈಕೆಯ ರಾಜ್ಯ ನೀತಿ ಪ್ರಕಟಿಸಿತು. ದೇಶದಲ್ಲಿ ಅದೇ ಮೊದಲು. ಆ ರಾಜ್ಯದ ಯಶಸ್ಸಿಗೆ ಸ್ವಯಂಸೇವಕರ ಉತ್ಸಾಹ ಕಾರಣವೆಂದು ಹೊಗಳುವುದು ರೂಢಿ. ಅದು ಅರ್ಧ ಕಥೆ. ಇನ್ನರ್ಧ ತರಬೇತಿಯ ಮೆಟ್ಟಿಲುಗಳದು. ವೈದ್ಯರಿಗೆ, ನರ್ಸ್‌ಗಳಿಗೆ ಆರು ವಾರಗಳ ಮೂಲ ಕೋರ್ಸ್. ಸಹಾಯಕ ನರ್ಸ್‌ಗಳಿಗೆ ಮೂರು ತಿಂಗಳ ಸಮುದಾಯ ಉಪಶಾಮಕ ಶುಶ್ರೂಷೆಯ ಕೋರ್ಸ್. ಸ್ವಯಂಸೇವಕರಿಗೆ ಕೆಲವು ಗಂಟೆಗಳ ಪಾಠ. ಮೂರು ತಿಂಗಳ ಕೋರ್ಸ್ ಮುಗಿಸಿದವರನ್ನು ಸ್ಥಳೀಯ ಸಂಸ್ಥೆಗಳು ತಮ್ಮ ಯೋಜನಾ ಹಣದಿಂದ ಕೆಲಸಕ್ಕೆ ಇಟ್ಟುಕೊಂಡವು. ಕಲಿತವರಿಗೆ ಹುದ್ದೆ, ಹುದ್ದೆಗೆ ಹಣ, ಹಣಕ್ಕೆ ಪಂಚಾಯಿತಿಯ ಬಜೆಟ್ಟಿನಲ್ಲಿ ತಲೆಬರಹ ಹೀಗೆ ಸರಪಳಿ ಕೂಡಿತು. ಇಂದು ಕೇರಳದ ಹೆಚ್ಚುಕಡಿಮೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಮನೆಮನೆಗೆ ಹೋಗುವ ಉಪಶಾಮಕ ನರ್ಸ್ ಇದ್ದಾರೆ.

ಇದನ್ನು ಹಾಗೆಯೇ ಕರ್ನಾಟಕಕ್ಕೆ ತರಲಾಗದು. ಕೇರಳದ ಗ್ರಾಮ ಪಂಚಾಯಿತಿಗಳು ಸಾವಿರದೊಳಗೆ, ಒಂದೊಂದರ ಜನಸಂಖ್ಯೆ ಇಲ್ಲಿಯ ಪಂಚಾಯಿತಿಗಿಂತ ಹಲವು ಪಟ್ಟು. ಕರ್ನಾಟಕದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ; ಪ್ರತಿಯೊಂದಕ್ಕೂ ಒಬ್ಬ ನರ್ಸ್ ಎಂಬುದು ಭಾಷಣಕ್ಕೆ ಚೆನ್ನ, ಬಜೆಟ್ಟಿಗೆ ಅಲ್ಲ. ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವೇ ಸರಿಯಾದ ಘಟಕ. ಅದು ಬಯಲುಸೀಮೆಯಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದರಂತೆ ಎಂಬ ಲೆಕ್ಕದಲ್ಲಿ ನಿಂತಿದೆ. ಅಲ್ಲಿ ವೈದ್ಯರಿದ್ದಾರೆ, ಔಷಧ ದಾಸ್ತಾನು ಇದೆ, ಅದರಡಿ ಉಪಕೇಂದ್ರಗಳಿವೆ.

ದೂರದ ಉಗಾಂಡಾದ ಉದಾಹರಣೆ ಇನ್ನೂ ಧೈರ್ಯದ್ದು. 1993ರಲ್ಲಿ ಡಾ. ಆನ್ ಮೆರಿಮನ್ ಅಲ್ಲಿ ಹಾಸ್ಪೈಸ್ ಆಫ್ರಿಕಾ ಉಗಾಂಡಾ ಕಟ್ಟಿದಾಗ ವೈದ್ಯರ ಮುಖವನ್ನೇ ಕಾಣದ ಹಳ್ಳಿಗಳಿದ್ದವು. ಒಂಬತ್ತು ತಿಂಗಳ ವಿಶೇಷ ತರಬೇತಿ ಪಡೆದ ನರ್ಸ್‌ಗಳು ಮಾರ್ಫಿನ್ ಬರೆದುಕೊಡಬಹುದು ಎಂದು 2004ರಲ್ಲಿ ಅಲ್ಲಿಯ ಸರ್ಕಾರ ಕಾನೂನು ಮಾಡಿತು. ಪುಡಿಯಿಂದ ತಯಾರಿಸಿದ ದ್ರವ ಮಾರ್ಫಿನ್ ರೋಗಿಗಳಿಗೆ ಉಚಿತ. ಹಣವಿದ್ದ ಮಾತ್ರಕ್ಕೆ ಇಂಥ ಕೆಲಸ ಆಗುವುದಿಲ್ಲ ಎಂಬುದಕ್ಕೆ ಅಮೆರಿಕವೇ ಉದಾಹರಣೆ: ಉಪಶಾಮಕ ಮತ್ತು ಹಾಸ್ಪೈಸ್ ಆರೈಕೆಯ ಶಿಕ್ಷಣ ಹಾಗೂ ತರಬೇತಿಗೆ ಸರ್ಕಾರದ ಅನುದಾನ ಕೊಡುವ ಮಸೂದೆಗೆ ಅಲ್ಲಿಯ ಪ್ರತಿನಿಧಿ ಸಭೆ 2018ರಲ್ಲೂ 2019ರಲ್ಲೂ ಒಪ್ಪಿಗೆ ಕೊಟ್ಟಿತು, ಎರಡು ಸಲವೂ ಅದು ಸೆನೆಟ್ ದಾಟಲಿಲ್ಲ.

2014ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ನಿರ್ಣಯ ತರಬೇತಿಯನ್ನು ಮೂರು ಹಂತಗಳಲ್ಲಿ ನೋಡುತ್ತದೆ. ವೈದ್ಯಕೀಯ ಮತ್ತು ನರ್ಸಿಂಗ್ ಓದುವ ಪ್ರತಿಯೊಬ್ಬರಿಗೂ ಮೂಲ ಪಾಠ; ಗಂಭೀರ ಕಾಯಿಲೆಯವರನ್ನು ದಿನವೂ ನೋಡುವವರಿಗೆ ನಡುಹಂತದ ತರಬೇತಿ; ಜಟಿಲ ಪ್ರಕರಣಗಳಿಗೆ ತಜ್ಞರು. ಭಾರತದಲ್ಲಿ ಮೇಲಿನ ಮೆಟ್ಟಿಲು ತಡವಾಗಿಯಾದರೂ ಶುರುವಾಯಿತು: ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 2012ರಲ್ಲಿ ಉಪಶಾಮಕ ವೈದ್ಯಕೀಯದ ಎಂ.ಡಿ. ಕೋರ್ಸ್ ಬಂತು. ಕೆಳಗಿನ ಮೆಟ್ಟಿಲು ಪಠ್ಯಕ್ರಮದ ಪುಟಗಳಲ್ಲಿ ಸೇರಿಕೊಳ್ಳುತ್ತಿದೆ. ನಡುವಿನದೇ ಖಾಲಿ. ಈಗಾಗಲೇ ಕೆಲಸದಲ್ಲಿರುವ ಸಾವಿರಾರು ವೈದ್ಯಾಧಿಕಾರಿಗಳು, ಶುಶ್ರೂಷಾಧಿಕಾರಿಗಳು, ಸಮುದಾಯ ಆರೋಗ್ಯ ಅಧಿಕಾರಿಗಳು ಅಲ್ಲಿ ನಿಂತಿದ್ದಾರೆ. ನಾಳೆ ಪದವಿ ಪಡೆಯುವವರಿಗಾಗಿ ಕಾಯುವಷ್ಟು ಸಮಯ ಇಂದಿನ ರೋಗಿಗಿಲ್ಲದ ಕಾರಣ ಸರ್ಕಾರದ ಹಣ ಮೊದಲು ಹೋಗಬೇಕಾದದ್ದು ಇಲ್ಲಿಗೆ.

ಕೇಂದ್ರ ಸರ್ಕಾರ 2012ರಲ್ಲಿ ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮ ರೂಪಿಸಿತು. ಅದರ ಗುರಿಗಳಲ್ಲಿ ಸಿಬ್ಬಂದಿ ತರಬೇತಿ ಪ್ರಮುಖವಾದದ್ದು. ಆದರೆ ಅದಕ್ಕೆ ಪ್ರತ್ಯೇಕ ಬಜೆಟ್ ಇರಲಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಸಾಮಾನ್ಯ ನಿಧಿಯಿಂದ ರಾಜ್ಯಗಳು ಕೇಳಿ ಪಡೆಯಬೇಕು. ಅಭಿಯಾನದ ವೆಚ್ಚದಲ್ಲಿ ಕೇಂದ್ರದ್ದು 60, ಕರ್ನಾಟಕದಂಥ ರಾಜ್ಯದ್ದು 40ರ ಪಾಲು. ರಾಜ್ಯ ತನ್ನ ಅನುಷ್ಠಾನ ಯೋಜನೆಯಲ್ಲಿ ಈ ತರಬೇತಿಗೆ ಎಷ್ಟು ಬರೆಯುತ್ತದೋ ಅಷ್ಟಕ್ಕೇ ಚರ್ಚೆ. ಬರೆಯದಿದ್ದರೆ ದೆಹಲಿಯಿಂದ ತಾನಾಗಿ ಏನೂ ಬರುವುದಿಲ್ಲ. ತಾಯಿ-ಮಗುವಿನ ಆರೋಗ್ಯ, ಕ್ಷಯ, ಲಸಿಕೆಗಳ ಎದುರು ಈ ಸಾಲು ಸೊರಗುವುದು ಸಹಜ. ಸತ್ತವರು ಅಂಕಿಅಂಶದಲ್ಲಿ ಸುಧಾರಣೆ ತೋರಿಸುವುದಿಲ್ಲ, ಅವರ ಪರವಾಗಿ ಧರಣಿ ಕೂರುವವರೂ ಇಲ್ಲ.

2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿದಾಗ ಅವು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ಹಿರಿಯರ ಮತ್ತು ಉಪಶಾಮಕ ಆರೈಕೆಯೂ ಸೇರಿತು. ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಬೋರ್ಡು ಬದಲಾಗಿರುವ ಆ ಕೇಂದ್ರಗಳ ಗೋಡೆಯ ಮೇಲೆ ಸೇವೆಗಳ ಪಟ್ಟಿ ಇದೆ. ಆಶಾ ಕಾರ್ಯಕರ್ತೆಯರಿಂದ ಹಿಡಿದು ವೈದ್ಯಾಧಿಕಾರಿಗಳವರೆಗೆ ಪ್ರತಿ ದರ್ಜೆಗೂ ಕೇಂದ್ರ ಸರ್ಕಾರ ತರಬೇತಿ ಕೈಪಿಡಿ ಸಿದ್ಧಪಡಿಸಿದೆ. ಕೈಪಿಡಿಗಳು ಚೆನ್ನಾಗಿಯೂ ಇವೆ. ಕೊರತೆ ಇರುವುದು ಪುಸ್ತಕದಲ್ಲಲ್ಲ, ನೀತಿಯಲ್ಲೂ ಅಲ್ಲ. ಉಪಶಾಮಕ ಆರೈಕೆಗೆ ರಾಜ್ಯಮಟ್ಟದ ನೀತಿ ರೂಪಿಸಿದ ಕೆಲವೇ ರಾಜ್ಯಗಳಲ್ಲಿ ಕರ್ನಾಟಕ ಒಂದು. ಮನೆಬಾಗಿಲಿಗೆ ಹೋಗಿ ರಕ್ತದೊತ್ತಡ, ಮಧುಮೇಹ, ಬಾಯಿ ಕ್ಯಾನ್ಸರ್ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ತಪಾಸಣೆಗೆ ಹೋದ ಕಾರ್ಯಕರ್ತೆಗೆ ಒಳಕೋಣೆಯಲ್ಲಿ ನರಳುವ ಅಜ್ಜಿ ಸಿಗುತ್ತಾರೆ. ಅವರ ಹೆಸರನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು, ಬರೆದ ಮೇಲೆ ಯಾರು ಬರಬೇಕು ಎಂಬುದು ತೀರ್ಮಾನವಾಗಬೇಕು. ಹೊಸ ಪಡೆ ಕಟ್ಟುವ ಅಗತ್ಯವಿಲ್ಲ. ಇರುವವರಿಗೆ ವಿದ್ಯೆ, ಸಮಯ, ಔಷಧ ಕೊಟ್ಟರೆ ಸಾಕು.

ಖರ್ಚಿನ ವಿಷಯಕ್ಕೆ ಬಂದರೆ, ಸರ್ಕಾರಿ ತರಬೇತಿಗಳಲ್ಲಿ ಹಣ ಸಾಮಾನ್ಯವಾಗಿ ಸಭಾಂಗಣ, ಊಟ, ಪ್ರಯಾಣ ಭತ್ಯೆ, ಬ್ಯಾಗು-ಪೆನ್ನುಗಳಿಗೆ ಹೋಗುತ್ತದೆ. ಈ ವಿದ್ಯೆಗೆ ಬೇಕಾದ ದೊಡ್ಡ ಬಾಬ್ತುಗಳು ಬೇರೆ. ಒಂದು, ಬದಲಿ ಸಿಬ್ಬಂದಿಯ ಸಂಬಳ. ಒಬ್ಬರೇ ಶುಶ್ರೂಷಾಧಿಕಾರಿ ಇರುವ ಕೇಂದ್ರದಿಂದ ಅವರನ್ನು ಆರು ವಾರ ಕಳುಹಿಸಿದರೆ ಹೆರಿಗೆ, ಚುಚ್ಚುಮದ್ದು ನಿಲ್ಲುತ್ತವೆ. ವೈದ್ಯಾಧಿಕಾರಿ ಕಳುಹಿಸಲು ಒಪ್ಪದಿರುವುದರಲ್ಲಿ ತಪ್ಪಿಲ್ಲ. ಇನ್ನೊಂದು, ರೋಗಿಗಳಿರುವ ಜಾಗದಲ್ಲಿ ಕಲಿಸುವ ವೆಚ್ಚ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ಕರುಣಾಶ್ರಯ, ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜುಗಳಲ್ಲಿ ಈ ಅನುಭವ ದಶಕಗಳಿಂದ ಕೂಡಿಬಂದಿದೆ. ಪ್ರತಿ ತಂಡದೊಂದಿಗೆ ಮನೆಭೇಟಿಯ ವಾಹನದಲ್ಲಿ ಇಬ್ಬರು ಮೂವರು ಕಲಿಕೆಯವರನ್ನು ಕೂರಿಸಿಕೊಂಡು ಹೋಗಲು ಈ ಸಂಸ್ಥೆಗಳಿಗೆ ಸರ್ಕಾರ ತಲೆಗಿಷ್ಟೆಂದು ಹಣ ಕೊಡಬೇಕು. ಕಲ್ಯಾಣ ಕರ್ನಾಟಕದವರಿಗೆ ಬೆಂಗಳೂರು ದೂರ. ಕಲಬುರಗಿಯಲ್ಲಿರುವ ಕಿದ್ವಾಯಿ ಕೇಂದ್ರ, ಹುಬ್ಬಳ್ಳಿ, ಮೈಸೂರು ವೈದ್ಯಕೀಯ ಕಾಲೇಜುಗಳಲ್ಲಿ ಕಲಿಸುವವರನ್ನೇ ಮೊದಲು ತಯಾರು ಮಾಡಬೇಕಾಗುತ್ತದೆ. ಕಲಿಸುವವರ ಹುದ್ದೆ ಸೃಷ್ಟಿಸದೆ ಕಲಿಯುವವರ ಗುರಿ ನಿಗದಿ ಮಾಡಿದರೆ ಅಂಕಿ ಬರುತ್ತದೆ, ಆರೈಕೆ ಬರುವುದಿಲ್ಲ.

ತರಬೇತಿ ಮುಗಿದ ಮೇಲಿನ ಆರು ತಿಂಗಳೇ ನಿರ್ಣಾಯಕ. ಊರಿಗೆ ಮರಳಿದ ನರ್ಸ್‌ಗೆ ಮೊದಲ ಕಠಿಣ ಪ್ರಕರಣ ಎದುರಾದಾಗ ಕೇಳಲು ಯಾರೂ ಇಲ್ಲದಿದ್ದರೆ ಅವರು ಹಳೆಯ ದಾರಿಗೇ ಹೋಗುತ್ತಾರೆ: ಡೈಕ್ಲೋಫೆನಾಕ್ ಚುಚ್ಚುಮದ್ದು ಕೊಟ್ಟು ಜಿಲ್ಲಾಸ್ಪತ್ರೆಗೆ ಚೀಟಿ. ವಾರಕ್ಕೊಂದು ಸಲ ವಿಡಿಯೊ ಮೂಲಕ ತಜ್ಞರೊಂದಿಗೆ ತಮ್ಮದೇ ರೋಗಿಗಳ ಬಗ್ಗೆ ಚರ್ಚಿಸುವ ಎಕೋ ಎಂಬ ಪದ್ಧತಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 2003ರಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಹುಟ್ಟಿತು. ಬೆಂಗಳೂರಿನ ನಿಮ್ಹಾನ್ಸ್ ಅದನ್ನು ಮಾನಸಿಕ ಆರೋಗ್ಯದ ತರಬೇತಿಗೆ ವರ್ಷಗಳಿಂದ ಬಳಸುತ್ತಿದೆ. ತಂತ್ರಜ್ಞಾನ ರಾಜ್ಯದಲ್ಲೇ ಇದೆ. ಬೇಕಾದದ್ದು ತಜ್ಞರ ವಾರದ ಕೆಲವು ಗಂಟೆಗಳಿಗೆ ಗೌರವಧನ ಮತ್ತು ಆ ಹೊತ್ತನ್ನು ಕರ್ತವ್ಯವೆಂದು ಪರಿಗಣಿಸುವ ಒಂದು ಸುತ್ತೋಲೆ.

ಗುತ್ತಿಗೆಯ ಪ್ರಶ್ನೆಯನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಮುದಾಯ ಆರೋಗ್ಯ ಅಧಿಕಾರಿಗಳು ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆ ಮೇಲೆ ಇರುವವರು. ಆಶಾ ಕಾರ್ಯಕರ್ತೆಯರಿಗೆ ಸಿಗುವುದು ಗೌರವಧನ ಮತ್ತು ಕೆಲಸವಾರು ಪ್ರೋತ್ಸಾಹಧನ. ಚೆನ್ನಾಗಿ ಕಲಿತ ನರ್ಸ್‌ಗೆ ಖಾಸಗಿ ಆಸ್ಪತ್ರೆಯೋ ಹೊರದೇಶವೋ ಹೆಚ್ಚು ಕೊಡುತ್ತದೆ. ಕಲಿತವರಿಗೆ ಭತ್ಯೆ, ಮೂರು ವರ್ಷವಾದರೂ ಅದೇ ಕೆಲಸದಲ್ಲಿ ಉಳಿಸುವ ವರ್ಗಾವಣೆ ನಿಯಮ, ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನದ ಪಟ್ಟಿಯಲ್ಲಿ ಮಲಗಿದ ರೋಗಿಯ ಭೇಟಿಗೂ ಒಂದು ಸಾಲು ಇವಿಲ್ಲದೆ ತರಬೇತಿಗೆ ಸುರಿದ ಹಣ ಸೋರಿಹೋಗುತ್ತದೆ. ಇವರ ಮನಸ್ಸಿನ ಆಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಾವು ನೋಡಿಕೊಂಡವರಲ್ಲಿ ಹೆಚ್ಚಿನವರು ತೀರಿಹೋಗುವ ಕೆಲಸ ಇದು. ತಿಂಗಳಿಗೊಮ್ಮೆ ಒಟ್ಟಿಗೆ ಕೂತು ಮಾತಾಡುವ ಅವಕಾಶ ತರಬೇತಿಯ ಭಾಗವಾಗಿಯೇ ಇರಬೇಕು.

ನುರಿತ ಶುಶ್ರೂಷೆ ಏನು ಮಾಡಬಲ್ಲದು ಎಂಬುದಕ್ಕೆ ಕನ್ನಡ ನಾಡಿನ ಹೆಣ್ಣುಮಗಳೊಬ್ಬರ ಹೆಸರೇ ದೇಶದ ನ್ಯಾಯಚರಿತ್ರೆಯಲ್ಲಿದೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ 1973ರಲ್ಲಿ ಹಲ್ಲೆಗೊಳಗಾಗಿ, 2015ರಲ್ಲಿ ಕೊನೆಯುಸಿರೆಳೆಯುವವರೆಗೆ ಅಲ್ಲಿಯ ವಾರ್ಡಿನಲ್ಲೇ ಮಲಗಿದ್ದರು. ತಲೆಮಾರು ಬದಲಾದರೂ ಅಲ್ಲಿಯ ನರ್ಸ್‌ಗಳು ಅವರಿಗೆ ಹಾಸಿಗೆ ಹುಣ್ಣಾಗದಂತೆ ನೋಡಿಕೊಂಡರು. ಅವರಿಗೆ ದಯಾಮರಣ ಕೋರಿದ್ದ ಅರ್ಜಿಯ 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಸೇವೆಯನ್ನು ಮೆಚ್ಚಿ ಬರೆಯಿತು. ಅಲ್ಲಿಂದ ಶುರುವಾದ ಚರ್ಚೆ 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಮಾನ್ಯ ಮಾಡಿದ ತೀರ್ಪಿಗೆ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದ ಆದೇಶಕ್ಕೆ ಬಂದು ನಿಂತಿತು. ಆ ಆದೇಶದ ಜಾರಿಗೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದ ಕರ್ನಾಟಕ ಇತರ ಹಲವು ರಾಜ್ಯಗಳಿಗಿಂತ ಮುಂದೆ ನಡೆದಿದೆ. ಜೀವರಕ್ಷಕ ಯಂತ್ರ ತೆಗೆಯಬಹುದೇ ಎಂದು ತೀರ್ಮಾನಿಸಲು ವೈದ್ಯರ ಎರಡು ಮಂಡಳಿಗಳಿವೆ. ತೆಗೆದ ಮೇಲೆ ಆ ವ್ಯಕ್ತಿಗೆ ಉಸಿರುಗಟ್ಟದಂತೆ, ನೋವಾಗದಂತೆ, ಮನೆಯವರು ಕಂಗೆಡದಂತೆ ನೋಡಿಕೊಳ್ಳುವುದು ಉಪಶಾಮಕ ಆರೈಕೆಯ ಕೆಲಸ. ಅದನ್ನು ಬಲ್ಲ ಸಿಬ್ಬಂದಿ ಜಿಲ್ಲಾಸ್ಪತ್ರೆಯಲ್ಲಿಲ್ಲದಿದ್ದರೆ ಸುತ್ತೋಲೆ ಅರ್ಧ ಹಕ್ಕನ್ನಷ್ಟೇ ಕೊಟ್ಟಂತಾಗುತ್ತದೆ.

ಕೊನೆಯದಾಗಿ ಲೆಕ್ಕ. ತರಬೇತಿಯನ್ನು ಹಾಜರಾತಿ ಸಹಿಗಳಿಂದ ಅಳೆದರೆ ಗುರಿ ಪ್ರತಿ ವರ್ಷ ಸಾಧನೆಯಾಗುತ್ತದೆ. ಎಣಿಸಬೇಕಾದದ್ದು ಬೇರೆ: ಮಾರ್ಫಿನ್ ಇಡಲು ಮಾನ್ಯತೆ ಪಡೆದ ಸರ್ಕಾರಿ ಆಸ್ಪತ್ರೆಗಳು ಪ್ರತಿ ಜಿಲ್ಲೆಯಲ್ಲಿ ಎಷ್ಟು, ವರ್ಷದಲ್ಲಿ ಅವು ರೋಗಿಗಳಿಗೆ ಕೊಟ್ಟ ಮಾರ್ಫಿನ್ ಎಷ್ಟು ಮಿಲಿಗ್ರಾಂ, ತರಬೇತಿ ಪಡೆದವರಲ್ಲಿ ಅದೇ ಕೆಲಸದಲ್ಲಿ ಉಳಿದವರು ಎಷ್ಟು, ಮನೆಭೇಟಿ ಪಡೆದ ಮಲಗಿದ ರೋಗಿಗಳು ಎಷ್ಟು. ಮಾದಕ ಔಷಧಗಳ ದಾಸ್ತಾನು ಮತ್ತು ವಿತರಣೆಯ ಲೆಕ್ಕ ಇಡುವುದು ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ನಿಯಮದಂತೆ ಈಗಲೇ ಕಡ್ಡಾಯ. ಉಳಿದವು ಇಲಾಖೆಯ ರಿಜಿಸ್ಟರುಗಳಿಂದ ತೆಗೆಯಬಹುದಾದವು. ಈ ಅಂಕಿಗಳನ್ನು ಜಿಲ್ಲಾವಾರು ಸದನದ ಮುಂದೆ ತರಿಸಲು ಹೊಸ ಕಾನೂನು ಬೇಕಿಲ್ಲ. ಒಂದು ಚುಕ್ಕೆ ಗುರುತಿನ ಪ್ರಶ್ನೆ ಸಾಕು.